ಗಡಿಕಲ್ಲಿಗೆ ತಲೆ ಕೊಟ್ಟವರು

ಗವರ್ನರ್ ಸಾಹೇಬರು ನಮ್ಮ ಸಾಲ್ಟರ್ಸ್ ಕೋವಿಗೆ ಬಂದ ದಿನ ಊರಿಗೆ ಊರೇ ಬೀದಿಯಲ್ಲಿತ್ತು. ಗಂಡಸರೆಲ್ಲ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರಂತೆ. ನಾನು ಮಾತ್ರ ಒಲೆಯ ಮುಂದಿದ್ದೆ, ಬೀನ್ಸ್ ತಳ ಹಿಡಿಯುವುದರಲ್ಲಿತ್ತು. ದೊಡ್ಡವರನ್ನು ನೋಡಲು ನಾನೇಕೆ ಓಡಬೇಕು? ಕೋರ್ಟಿನ ಎದುರಿಗೇ ನನ್ನ ಖಾನಾವಳಿ. ನ್ಯಾಯಾಧೀಶರು, ವಕೀಲರು, ಶಾಸನಸಭೆಯ ಸದಸ್ಯರು ಎಲ್ಲರೂ ನನ್ನ ಮೇಜಿನ ಮೇಲೆ ಮೊಣಕೈ ಊರಿ ಸೇಬಿನ ಸೈಡರ್ ಕುಡಿದಿದ್ದಾರೆ, ನನ್ನ ಮಾಳಿಗೆಯ ಹಾಸಿಗೆಗಳಲ್ಲಿ ಗೊರಕೆ ಹೊಡೆದಿದ್ದಾರೆ. ಗೊರಕೆ ಕೇಳಿಸಿಕೊಂಡ ಮೇಲೆ ಯಾರ ದೊಡ್ಡಸ್ತಿಕೆಯೂ ಉಳಿಯುವುದಿಲ್ಲ. ಅಂಥ ನಾನು, ಈ ಡಾರ್ಕಸ್ ಕ್ರೇನ್, ಒಬ್ಬ ಮನುಷ್ಯನ ಎರಡು ಕಾಲುಗಳು ಆಕಾಶದ ಕಡೆ ಎದ್ದದ್ದನ್ನು ನೋಡಿ ಕೆಸರಿನಲ್ಲಿ ಮಾತು ಬಾರದೆ ನಿಂತೆ.

ಆ ಕಾಲುಗಳು ಅಸಾಹೆಲ್ ವಾಡ್ಲೋ ವಕೀಲರದು. ನದಿಯ ಆಚೆ ದಡದ ರೈತನ ಮಗ. ಹಗಲು ಪರರ ಕಚೇರಿಯಲ್ಲಿ ನಕಲು ಬರೆದು, ಉಳಿದ ಹೊತ್ತಿನಲ್ಲಿ ಅವರದೇ ಪುಸ್ತಕ ಓದಿ ವಕೀಲರಾದವರು. ಮೊದಲ ಮೊಕದ್ದಮೆಗೆ ಬಂದಾಗ ಬೂಟಿನ ತಳ ಕಿತ್ತುಹೋಗಿತ್ತು, ನನ್ನ ಗಂಡನ ಬೂಟು ಹಾಕಿಕೊಂಡು ಕೋರ್ಟಿಗೆ ಹೋದರು. ಆಮೇಲೆ ನಮ್ಮೂರಲ್ಲೇ ಮನೆ ಮಾಡಿದರು. ಊರಿನವರು ಅವರನ್ನು ಮತ್ತೆ ಮತ್ತೆ ಆರಿಸಿ ಕಾಲೊನಿಯ ರಾಜಧಾನಿ ಹಾರ್ಟ್‌ಫರ್ಡಿನ ಶಾಸನಸಭೆಗೆ ಕಳಿಸಿದರು. ರಸ್ತೆ ಬಂತು, ಸೇತುವೆ ಬಂತು, ಕೋರ್ಟಿಗೆ ಹೊಸ ಕಟ್ಟಡವೂ ಬಂತು. ಎಲ್ಲ ಅವರ ಬಾಯಿಯ ಬಲದಿಂದಲೇ.

ಬಾಯಿ ಎಂದಾಗ ಒಂದು ಮಾತು ನೆನಪಾಗುತ್ತದೆ. ಅವರ ಮೇಲಿನ ಮುಂಬಲ್ಲು ಓರೆಯಾಗಿ ಮುರಿದಿತ್ತು. ಏನಾದರೂ ಯೋಚನೆ ಹತ್ತಿತೆಂದರೆ ನಾಲಿಗೆಯ ತುದಿ ಆ ಮುರುಕಿಗೆ ಹೋಗುತ್ತಿತ್ತು. ಕೇಳಿದರೆ "ಹುಡುಗನಾಗಿದ್ದಾಗ ಎಲ್ಲೋ ಬಿದ್ದೆ" ಎನ್ನುತ್ತಿದ್ದರು. ನಾನು ಅವರನ್ನು ಎದುರಿಗೇ ಗೇಲಿ ಮಾಡುತ್ತಿದ್ದೆ. ನಮ್ಮ ಪ್ರಾರ್ಥನಾ ಮಂದಿರದ ಗೋಪುರದ ತುದಿಯಲ್ಲಿ ಗಾಳಿ ಬಂದ ಕಡೆಗೆ ತಿರುಗುವ ಒಂದು ತಾಮ್ರದ ಕೋಳಿ ಇದೆ.

"ನೀವೂ ಅದೂ ಒಂದೇ ಗೂಡಿನವರು ವಾಡ್ಲೋ," ಎನ್ನುತ್ತಿದ್ದೆ. "ಊರು ಯಾವ ಕಡೆ ಊದಿದ್ರೆ ಆ ಕಡೆ ಮುಖ."

"ತಿರುಗದೇ ಇದ್ರೆ ಮುರಿದು ಬೀಳ್ತೀನಿ ಚಿಕ್ಕಮ್ಮ," ಎಂದು ನಗುತ್ತಿದ್ದರು. ಊರಿಗೆಲ್ಲ ನಾನು ಚಿಕ್ಕಮ್ಮ, ನನ್ನ ಓರಗೆಯವರಿಗೂ.

ಆ ವಸಂತದಲ್ಲಿ ಅವರ ಹೆಸರು ಗವರ್ನರರ ಮಂಡಳಿಗೆ ಕೇಳಿಬರುತ್ತಿತ್ತು. ಇಡೀ ಕಾಲೊನಿಗೆ ಬೆರಳೆಣಿಕೆಯ ಜನ ಕೂರುವ ಜಾಗ ಅದು. ಮೊದಲು ತವರೂರಿನ ಸಭೆ ಕೈಯೆತ್ತಿ ಹೆಸರು ಕಳಿಸಬೇಕು, ಆಮೇಲೆ ಉಳಿದದ್ದು. ವಾಡ್ಲೋಗೆ ಅದರ ಆಸೆ ಎಷ್ಟಿತ್ತೆಂದರೆ, ಹೊಸ ಕೋಟಿಗೆ ಅಳತೆ ಕೊಟ್ಟು ಬಂದಿದ್ದರು. ಅಳತೆ ತೆಗೆದವನೇ ನನ್ನಲ್ಲಿ ಕುಡಿದು ಹೇಳಿದ.

ಆಗಲೇ ಕೆಜಾಯ ಟಲ್ಲಿಯ ಹುಲ್ಲುಗಾವಲಿನ ತಕರಾರು ಎದ್ದದ್ದು. ಕೆಜಾಯ ಒಂಟಿ ವಿಧವೆ. ಸಮುದ್ರದ ಅಂಚಿನಲ್ಲಿ, ತೊರೆಯ ಬಾಯಿಯ ಹತ್ತಿರ, ಉಬ್ಬರ ಇಳಿತಗಳ ನಡುವೆ ಬೆಳೆಯುವ ಉಪ್ಪುಹುಲ್ಲಿನ ಬಯಲು ಅವಳದು. ಹುಲ್ಲು ಕೊಯ್ದು ಎರಡು ಹಸು ಸಾಕಿಕೊಂಡಿದ್ದಳು. ಅವಳಿಗೆ ಬದುಕು ಎಂದರೆ ಅದಿಷ್ಟೇ. ಆದರೆ ಹಡಗು ತಂಗುವಷ್ಟು ಆಳದ ನೀರು ಇದ್ದದ್ದೂ ಅಲ್ಲೇ. ಅಲ್ಲೊಂದು ಹಡಗುಕಟ್ಟೆ ಕಟ್ಟಿದರೆ ಊರೇ ಬದಲಾಗುತ್ತದೆ ಎಂದು ಊರ ಹಿರಿಯರ ಮುಖಂಡ ಕ್ಯಾಪ್ಟನ್ ಹ್ಯಾಚ್ ಹೇಳಿದ್ದೇ ತಡ, ಎಲ್ಲರ ಕಣ್ಣೂ ಅತ್ತ ತಿರುಗಿತು. ನನ್ನ ಕಣ್ಣು ತಿರುಗಲಿಲ್ಲ ಎಂದೇನೂ ಹೇಳುವುದಿಲ್ಲ. ನಾವಿಕರು ಬಂದರೆ ನನ್ನ ಹಾಸಿಗೆಗಳು ಖಾಲಿ ಇರುತ್ತವೆಯೇ?

ಊರಿನ ಗೋಮಾಳ ತೊರೆಯ ಬಾಯಿಯವರೆಗೂ ಹೋಗುತ್ತದೆ ಎಂದು ಊರು ದಾವೆ ಹಾಕಿತು. ಇಲ್ಲ, ಗೋಮಾಳ ನಡುವಿನ ಗಡಿಕಲ್ಲಿಗೇ ಮುಗಿಯುತ್ತದೆ, ಅಲ್ಲಿಂದಾಚೆ ನನ್ನಪ್ಪನದು ಎಂದು ಕೆಜಾಯ. ಎಲ್ಲಿದೆ ಗಡಿಕಲ್ಲು ಎಂದರೆ ತೋರಿಸುವವರು ಯಾರೂ ಇರಲಿಲ್ಲ, ಅವಳಿಗೂ ಆಗಲಿಲ್ಲ. ನಾವೆಲ್ಲ ಚಿಕ್ಕವರಿದ್ದಾಗಲೇ ದೊಡ್ಡ ಬಿರುಗಾಳಿಯೊಂದರಲ್ಲಿ ಸಮುದ್ರ ಒಳನುಗ್ಗಿ ಬಯಲಿನ ಮೇಲೆ ಹೂಳು ತುಂಬಿ ಹೋಗಿತ್ತು. ಹಳೆಯ ಕಾಗದಗಳು ಊರ ಗುಮಾಸ್ತನ ಮನೆಯ ಜೊತೆಗೇ ಸುಟ್ಟುಹೋಗಿದ್ದವು. ಊರಿನ ಪರ ವಕೀಲರು ಬೇರೆ ಯಾರು? ವಾಡ್ಲೋ. ಕೆಜಾಯಳ ಪರ ನಿಲ್ಲಲು ಸುತ್ತಲಿನ ಒಬ್ಬ ವಕೀಲನೂ ಬರಲಿಲ್ಲ. ಊರಿಗೆ ಊರನ್ನು ಎದುರು ಹಾಕಿಕೊಳ್ಳಲು ಯಾರಿಗೆ ಹುಚ್ಚು?

ವಿಚಾರಣೆಯ ದಿನ ಕೋರ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವಕೀಲರಿಲ್ಲದ ಕಾರಣ ನ್ಯಾಯಾಧೀಶ ಪಾರ್ಮಲೀ ಅವಳಿಗೇ ಮಾತಾಡಲು ಬಿಟ್ಟರು. ಕೆಜಾಯ ಏಪ್ರನ್ ಸರಿಮಾಡಿಕೊಂಡು ಎದ್ದಳು.

"ಸ್ವಾಮಿ, ನಾನು ಆಗ ಪುಟ್ಟ ಹುಡುಗಿ. ಊರಿನವರು ಗಡಿ ಸುತ್ತೋಕೆ ಬಂದಿದ್ರು. ನಮ್ಮ ಕಲ್ಲಿನ ಹತ್ರ ಒಬ್ಬ ಹುಡುಗನ್ನ ಕಾಲು ಹಿಡಿದು ತಲೆಕೆಳಗೆ ಮಾಡಿ ಕಲ್ಲಿಗೆ ತಲೆ ಕುಟ್ಟಿಸಿದ್ರು. ನಾನೇ ಕಣ್ಣಾರೆ ನೋಡಿದೀನಿ."

ಇದು ನಮ್ಮೂರಿನ ಹಳೆಯ ಪದ್ಧತಿ. ಕಾಗದ ಸುಡುತ್ತದೆ, ಹಿರಿಯರು ಸಾಯುತ್ತಾರೆ. ಒಬ್ಬ ಹುಡುಗನ ತಲೆ ಕಲ್ಲಿಗೆ ಕುಟ್ಟಿಸಿದರೆ ಮಾತ್ರ ಅವನು ಬದುಕಿರುವವರೆಗೂ ಆ ಕಲ್ಲನ್ನು ಮರೆಯುವುದಿಲ್ಲ ಎಂದು ಹಿಂದಿನವರ ಲೆಕ್ಕ. ಹುಡುಗರು ಅಳುತ್ತಿದ್ದರು, ತಾಯಂದಿರು ಬೈಯುತ್ತಿದ್ದರು, ಮುಂದಿನ ಕಲ್ಲಿಗೆ ಮುಂದಿನ ಹುಡುಗ.

ವಾಡ್ಲೋ ಎದ್ದರು. ಅವರ ಪಾಟೀ ಸವಾಲು ಎಂದರೆ ಜನ ಊಟ ಬಿಟ್ಟು ಕೇಳುತ್ತಿದ್ದರು.

"ಕೆಜಾಯಮ್ಮ, ಆ ಹುಡುಗ ಯಾರು?"

"ಗೊತ್ತಿಲ್ಲ. ಯಾರದೋ ಮನೆಗೆ ಆಗ ಬಂದಿದ್ದ ನೆಂಟರ ಹುಡುಗ."

"ಹೆಸರಿಲ್ಲ?"

"ಇಲ್ಲ."

"ಕಲ್ಲೂ ಇಲ್ಲ, ಹುಡುಗನೂ ಇಲ್ಲ. ಒಳ್ಳೇದು. ಆ ಇಲ್ಲದ ಹುಡುಗ ಇಲ್ಲದ ಕಲ್ಲಿನ ಮೇಲೆ ಎಷ್ಟು ಜೋರಾಗಿ ಅತ್ತ?"

ಜನ ಘೊಳ್ಳೆಂದು ನಕ್ಕರು. ಕ್ಯಾಪ್ಟನ್ ಹ್ಯಾಚ್ ತೊಡೆ ತಟ್ಟಿಕೊಂಡರು. ಕೆಜಾಯ ನಗು ನಿಲ್ಲುವವರೆಗೂ ಕಾದಳು.

"ಅಳ್ಲಿಲ್ಲ ಸ್ವಾಮಿ, ಅದಕ್ಕೇ ನೆನಪಿರೋದು. ಬಾಯಲ್ಲಿ ರಕ್ತ ಬರ್ತಿತ್ತು, ಆದ್ರೂ ಅಳ್ಲಿಲ್ಲ. 'ಬಂಡೆ ಸೀಳಲ್ಲಿ ಕೋಳಿ ಸಿಕ್ಕಾಕೊಂಡಿದೆ' ಅಂದ. ಎಲ್ರೂ ಬಿದ್ದು ಬಿದ್ದು ನಕ್ರು. ನಂಗೆ ಪಾಪ ಅನ್ನಿಸ್ತು. ನನ್ನ ಹತ್ರ ಇದ್ದಿದ್ದೊಂದನ್ನ ಅವನಿಗೆ ಕೊಟ್ಟೆ."

ಈಗಲೂ ಜನ ನಕ್ಕರು. ವಾಡ್ಲೋ ನಗಲಿಲ್ಲ. ಮುಂದಿನ ಪ್ರಶ್ನೆಗೆ ಕೈಯೆತ್ತಿದವರು ಹಾಗೇ ನಿಂತರು. ನಾನು ಕಿಟಕಿಯ ಪಕ್ಕದಲ್ಲಿದ್ದೆ, ಅವರ ಮುಖ ನನಗೆ ನೇರ ಕಾಣುತ್ತಿತ್ತು. ನಾಲಿಗೆಯ ತುದಿ ಮುರಿದ ಹಲ್ಲಿಗೆ ಹೋಗಿ ಅಲ್ಲೇ ಕೂತಿತ್ತು.

"ಊಟದ ಹೊತ್ತಾಯ್ತು," ಎಂದರು ನ್ಯಾಯಾಧೀಶರು.

ನನ್ನ ಖಾನಾವಳಿಯಲ್ಲಿ ಅವತ್ತು ಹಬ್ಬದ ಗದ್ದಲ. ವಾಡ್ಲೋ ಮೂಲೆಯ ಮೇಜಿಗೆ ಹೋಗಿ ಕೂತರು, ತಟ್ಟೆ ಮುಟ್ಟಲಿಲ್ಲ. ಕ್ಯಾಪ್ಟನ್ ಹ್ಯಾಚ್ ಸೈಡರ್ ಲೋಟ ಹಿಡಿದು ಬಂದು ಅವರ ಬೆನ್ನು ತಟ್ಟಿದರು.

"ಗೆದ್ವಿ ಬಿಡಿ ವಕೀಲರೇ! ಬರೋ ವಾರ ಸಭೇಲಿ ನಿಮ್ಮ ಹೆಸರು ನಾನೇ ಎತ್ತೋದು. ಎತ್ತದೇ ಇರೋ ಕೈ ಒಂದಿದ್ರೆ ಕೇಳಿ."

"ಕ್ಯಾಪ್ಟನ್ನರೇ, ಆ ಹುಡುಗ ಯಾರಿರಬಹುದು?"

"ಯಾವನೋ ಪೋರ. ಸತ್ತೇ ಹೋಗಿರ್ತಾನೆ. ಈಗ ಅವನ ಚಿಂತೆ ಯಾಕೆ ನಿಮಗೆ? ಊಟ ಮಾಡ್ರೀ."

ಹ್ಯಾಚ್ ಹೋದ ಮೇಲೆ ವಾಡ್ಲೋ ನನ್ನನ್ನು ಕರೆದರು. ದನಿ ಬಹಳ ಸಣ್ಣದಾಗಿತ್ತು. "ಚಿಕ್ಕಮ್ಮ, ಮೇಪಲ್ ಸಕ್ಕರೆ ಇದೆಯಾ?"

ಮರದ ರಸ ಕಾಯಿಸಿ ಮಾಡಿದ, ಬೆಲ್ಲದಂಥ ಒಂದು ಗಟ್ಟಿ ತಂದು ಕೊಟ್ಟೆ. ಬಾಯಿಗೆ ಹಾಕಿಕೊಂಡರು. ಅಗಿಯಲಿಲ್ಲ, ಕೆನ್ನೆಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಐವತ್ತು ದಾಟಿದ ಗಂಡಸು, ಮಗುವಿನ ಹಾಗೆ.

"ನನ್ನ ಹಲ್ಲು ಮುರಿದದ್ದು ಉತ್ತರದ ಗುಡ್ಡದ ಕಲ್ಲಿನ ಹತ್ರ ಅಂದ್ಕೊಂಡಿದ್ದೆ," ಎಂದರು. "ಇಷ್ಟು ವರ್ಷ. ಆಗ ಇಲ್ಲಿ ಚಿಕ್ಕಪ್ಪನ ಮನೇಲಿದ್ದೆ. ನಂಗೆ ಊರೇ ಗೊತ್ತಿರಲಿಲ್ಲ."

ನನಗೆ ಎಲ್ಲ ಅರ್ಥವಾಯಿತು. ಅರ್ಥವಾದದ್ದೇ ಸಿಟ್ಟೂ ಬಂತು. "ಅದನ್ನ ನುಂಗಿ, ಬಾಯಿ ಒರೆಸ್ಕೊಂಡು ಹೋಗಿ ವಾಡ್ಲೋ. ನೀವು ಊರಿನ ವಕೀಲರು. ಸುಮ್ನಿದ್ರೆ ಯಾರಿಗೆ ಗೊತ್ತಾಗತ್ತೆ?"

"ಯಾರಿಗೂ ಗೊತ್ತಾಗಲ್ಲ ಚಿಕ್ಕಮ್ಮ. ನಂಗೊಬ್ಬನಿಗೇ ಗೊತ್ತಿರೋದು. ಮೊದಲು ಇನ್ನಷ್ಟು ಜನಕ್ಕೆ ಗೊತ್ತಿತ್ತು, ಅವರೆಲ್ಲ ಸತ್ರು." ಸಕ್ಕರೆಯನ್ನು ಇನ್ನೊಂದು ಕೆನ್ನೆಗೆ ಸರಿಸಿ ಹೇಳಿದರು, "ಇದೇ ದಿನಕ್ಕೆ ಅಂತಲೇ ಅವ್ರು ನನ್ನ ತಲೆ ಕುಟ್ಟಿಸಿದ್ದು."

ಮಧ್ಯಾಹ್ನ ಕೋರ್ಟು ಸೇರಿತು. ವಾಡ್ಲೋ ತಮ್ಮ ಕಾಗದದ ಕಟ್ಟನ್ನು ತಂದು ಕ್ಯಾಪ್ಟನ್ ಹ್ಯಾಚ್ ಮುಂದಿಟ್ಟರು. "ಕ್ಷಮಿಸಬೇಕು. ಊರು ಬೇರೆ ವಕೀಲರನ್ನ ನೋಡ್ಕೋಬೇಕು." ಆಮೇಲೆ ನ್ಯಾಯಾಧೀಶರ ಕಡೆ ತಿರುಗಿ, "ಸ್ವಾಮಿ, ನನಗೆ ಪ್ರಮಾಣ ಮಾಡಿಸಿ. ನಾನು ಸಾಕ್ಷಿ," ಎಂದರು.

ನ್ಯಾಯಾಧೀಶರ ಕನ್ನಡಕ ಮೂಗಿನ ತುದಿಗೆ ಜಾರಿತು. "ಯಾರ ಪರ?"

"ನಾನು ಆ ಹುಡುಗ ಸ್ವಾಮಿ."

ಆಗ ಎದ್ದಂಥ ಗಲಾಟೆಯನ್ನು ನಾನು ಜೀವಮಾನದಲ್ಲಿ ಬೇರೆಲ್ಲೂ ಕೇಳಿಲ್ಲ. ಹ್ಯಾಚ್ ಬೆಂಚಿನ ಮೇಲೆ ಹತ್ತಿ ನಿಂತರು. "ಸುಳ್ಳು! ಮುದುಕಿ ಮೇಲೆ ಕನಿಕರ ಬಂದು ಹೇಳ್ತಿರೋ ಸುಳ್ಳು! ಊರು ತಿಂದು ಊರಿಗೇ ಚೂರಿ ಹಾಕ್ತೀರೇನ್ರೀ?"

ನ್ಯಾಯಾಧೀಶರು ಮೇಜು ಕುಟ್ಟಿ ಕುಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದರು. ಕೆಜಾಯಳನ್ನು ಹತ್ತಿರ ಕರೆದು, ಅವತ್ತು ಹುಡುಗನಿಗೆ ಏನು ಕೊಟ್ಟೆ ಎಂದು ಕಿವಿಯಲ್ಲಿ ಹೇಳಿಸಿಕೊಂಡರು. ಆಮೇಲೆ ವಾಡ್ಲೋಗೆ ಅದೇ ಪ್ರಶ್ನೆ ಗಟ್ಟಿಯಾಗಿ ಕೇಳಿದರು.

"ಮೇಪಲ್ ಸಕ್ಕರೆ," ಎಂದರು ವಾಡ್ಲೋ. "ಏಪ್ರನ್ ಜೇಬಲ್ಲಿತ್ತು, ಉಣ್ಣೆ ಅಂಟಿತ್ತು. ಹಲ್ಲು ಮುರಿದಿತ್ತಲ್ಲ, ಅಗಿಯೋಕೆ ಆಗ್ಲಿಲ್ಲ. 'ಅಗೀಬೇಡ, ಚೀಪು' ಅಂದ್ರು ಇವ್ರು."

ಕೆಜಾಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು.

"ಸರಿ, ಹುಡುಗ ನೀವೇ. ಕಲ್ಲು ಎಲ್ಲಿ?"

"ನಿಂತ್ಕೊಂಡು ನೋಡಿದ್ರೆ ನಂಗೆ ಗೊತ್ತಾಗಲ್ಲ ಸ್ವಾಮಿ. ನಾನು ಅದನ್ನ ನೋಡಿದ್ದೇ ತಲೆಕೆಳಗಾಗಿ. ತಲೆ ಕಲ್ಲಿಗೆ ತಾಗಿದಾಗ ಬಯಲಿನ ಅಂಚಿನ ಸೀಳುಬಂಡೆಯ ಸೀಳಲ್ಲಿ ಗೋಪುರದ ಕೋಳಿ ಕಾಣ್ತಿತ್ತು. ಪೂರ್ತಿ ಅಲ್ಲ, ಜುಟ್ಟು ಮಾತ್ರ. ಒಂದು ಹೆಜ್ಜೆ ಆಚೀಚೆ ಆದ್ರೂ ಹಾಗೆ ಕಾಣಲ್ಲ. ನನ್ನನ್ನ ಹಾಗೇ ಹಿಡೀಬೇಕು."

ಕೋರ್ಟಿಗೆ ಕೋರ್ಟೇ ಬಯಲಿಗೆ ಹೊರಟಿತು. ನ್ಯಾಯಾಧೀಶರು, ಜ್ಯೂರಿಯವರು, ಶೆರೀಫ್, ಹಿಂದೆ ಇಡೀ ಊರು. ನೀರು ಇಳಿದಿತ್ತು, ಆದರೆ ಉಬ್ಬರಕ್ಕೆ ಹೆಚ್ಚು ಹೊತ್ತಿರಲಿಲ್ಲ. ಸೀಳುಬಂಡೆ ದಾಟಿದ ಮೇಲೆ ವಾಡ್ಲೋ ಕೋಟು ಬಿಚ್ಚಿದರು. ವಕೀಲರು ಧರಿಸುವ ಬಿಳಿ ಕೂದಲಿನ ಟೋಪನ್ನು ತಲೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು. ಬೋಳುತಲೆ ಬಿಸಿಲಿಗೆ ಮಿನುಗಿತು.

ಕಮ್ಮಾರನೂ ಕಾನ್‌ಸ್ಟೇಬಲನೂ ಒಂದೊಂದು ಕಾಲು ಹಿಡಿದು ಅವರನ್ನು ಮೇಲೆತ್ತಿದರು. ಅಂಗಿ ಕೆಳಗೆ ಜಾರಿ ಹೊಟ್ಟೆ ಬಯಲಾಯಿತು. ಕಾಲುಚೀಲದಲ್ಲಿ ತೂತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಶಾಸನಸಭೆ ಈಗ ಶುರುವಾಯ್ತು ಕಣ್ರೋ!" ಎಂದು ಯಾರೋ ಕೂಗಿದ.

"ಇಲ್ಲ, ಕೋಳಿ ಕಾಣ್ತಿಲ್ಲ. ಇನ್ನೂ ಹಿಂದಕ್ಕೆ," ಎಂದಿತು ಕೆಳಗಿನಿಂದ ಒಂದು ದನಿ.

ಇಳಿಸಿದರು, ಹಿಂದಕ್ಕೆ ಹೋದರು, ಎತ್ತಿದರು. "ಇನ್ನೂ ಹಿಂದಕ್ಕೆ." ಮತ್ತೆ ಇಳಿಸಿದರು, ಮತ್ತೆ ಎತ್ತಿದರು. ಮುಖ ಬೀಟ್‌ರೂಟಿನ ಹಾಗೆ ಕೆಂಪಾಯಿತು, ಹಣೆಯ ನರ ಉಬ್ಬಿತು. ಸಾಕು ಎಂದು ಅವರು ಹೇಳುತ್ತಾರೇನೋ ಎಂದು ನಾನು ಕಾಯುತ್ತಿದ್ದೆ, ಹೇಳಲಿಲ್ಲ. "ಎಡಕ್ಕೆ," ಎನ್ನುತ್ತಿದ್ದರು, "ಇನ್ನೂ ಕೆಳಗೆ, ಹಣೆ ನೆಲಕ್ಕೆ ತಾಗಲಿ." ಒಬ್ಬೊಬ್ಬರ ನಗು ಒಂದೊಂದು ಕಡೆ ನಿಂತಿತು. ಕೊನೆಗೆ ನಗುವವರು ಯಾರೂ ಉಳಿಯಲಿಲ್ಲ. ತೊರೆಯ ನೀರು ಹುಲ್ಲಿನ ಬುಡಕ್ಕೆ ಬರುವ ಸದ್ದು ಮಾತ್ರ ಕೇಳುತ್ತಿತ್ತು.

ಮುಂದಿನ ವಾರ ಮಂಡಳಿಗೆ ಹೆಸರು ಹೋಗಬೇಕಾದ ಮನುಷ್ಯ ಕೆಸರಿಗೆ ಹಣೆ ಕೊಟ್ಟು ನೇತಾಡುತ್ತಿದ್ದಾನೆ. ಎದುರಿಗೆ ಅವನಿಗೆ ಕೈಯೆತ್ತಬೇಕಾದವರೆಲ್ಲ ನಿಂತಿದ್ದಾರೆ. ಹಿಡಿದವರಿಗೆ "ಇನ್ನೂ ಹಿಂದಕ್ಕೆ" ಎಂದು ಹೇಳುವ ಒಂದೊಂದು ಸಲವೂ ಅವನು ಆ ಕುರ್ಚಿಯಿಂದ ಒಂದೊಂದು ಹೆಜ್ಜೆ ದೂರ ಹೋಗುತ್ತಿದ್ದಾನೆ. ಅದು ಅವನಿಗೆ ಗೊತ್ತು, ಊರಿಗೂ ಗೊತ್ತು. ಆ ಕೂದಲಿನ ಟೋಪನ್ನು ಕೆಸರು ತಾಗದಂತೆ ಏಪ್ರನ್ನಿನಲ್ಲಿ ಸುತ್ತಿ ಹಿಡಿದುಕೊಂಡೆ.

"ನಿಲ್ಲಿ!" ಎಂದರು ವಾಡ್ಲೋ.

ನಿಂತರು.

"ಜುಟ್ಟು." ಮತ್ತೆ, ಬಹಳ ಮೆಲ್ಲಗೆ, "ಬಂಡೆ ಸೀಳಲ್ಲಿ ಕೋಳಿ ಸಿಕ್ಕಾಕೊಂಡಿದೆ."

ಅದು ವಕೀಲರ ದನಿಯೇ ಆಗಿರಲಿಲ್ಲ. ಶೆರೀಫ್ ಕಬ್ಬಿಣದ ಸಲಾಕೆಯನ್ನು ಅವರ ತಲೆಯಿದ್ದ ಕಡೆ ಕೆಸರಿಗೆ ಇಳಿಸಿದ. ಮೊಣಕೈಯುದ್ದ ಇಳಿದು ಠಣ್ಣೆಂದಿತು. ಜ್ಯೂರಿಯವರೇ ಸನಿಕೆ ಕಿತ್ತುಕೊಂಡು ಅಗೆದರು. ಕಪ್ಪು ಹೂಳಿನ ಒಳಗಿಂದ ಚೌಕದ ಕಲ್ಲಿನ ನೆತ್ತಿ ಎದ್ದಿತು, ಒಂದು ಮಗ್ಗುಲಲ್ಲಿ ಊರಿನ ಗುರುತು, ಇನ್ನೊಂದರಲ್ಲಿ ಕೆಜಾಯಳ ಅಪ್ಪನ ಗುರುತು. ಕೆಜಾಯ ಕೆಸರಿನಲ್ಲೇ ಕುಸಿದು ಕೂತು ಕಲ್ಲನ್ನು ಏಪ್ರನ್ನಿಂದ ಒರೆಸತೊಡಗಿದಳು. ಹಣೆಯ ತುಂಬ ಕೆಸರು ಮೆತ್ತಿಕೊಂಡು ವಾಡ್ಲೋ ಹುಲ್ಲಿನ ಮೇಲೆ ಕೂತಿದ್ದರು, ಏದುಸಿರು ಬಿಡುತ್ತ. ಜ್ಯೂರಿಯವರು ಕೋರ್ಟಿಗೆ ವಾಪಸು ಹೋಗಿ ಕೂರುವ ಗೋಜಿಗೂ ಹೋಗಲಿಲ್ಲ. ಅಲ್ಲೇ ತೀರ್ಪು ಕೊಟ್ಟರು, ಬಯಲು ಕೆಜಾಯಳದು.

ಮುಂದಿನ ವಾರ ಊರ ಸಭೆ. ಹೆಂಗಸರಿಗೆ ಅಲ್ಲಿ ಕೈಯೆತ್ತುವ ಹಕ್ಕಿಲ್ಲ, ನಾನು ಬಾಗಿಲಲ್ಲಿ ನಿಂತು ನೋಡಿದೆ. ಕ್ಯಾಪ್ಟನ್ ಹ್ಯಾಚ್ ಬೇರೆಯವರ ಹೆಸರು ಎತ್ತಿದರು. ಕಮ್ಮಾರ ಎದ್ದು ವಾಡ್ಲೋ ಹೆಸರು ಹೇಳಿದಾಗ ಮೇಲೆದ್ದದ್ದು ಅವನದೂ ಸೇರಿ ಮೂರೋ ನಾಲ್ಕೋ ಕೈ. ಮಂಡಳಿ ಹೋಯಿತು, ಶಾಸನಸಭೆಯ ಹಳೆಯ ಜಾಗವೂ ಹೋಯಿತು. ನನ್ನ ಎರಡು ಕೈಯೂ ಏಪ್ರನ್ನಿನೊಳಗೆ ಮೇಲೇಳಲು ತುಡಿಯುತ್ತಿದ್ದವು.

ಸಭೆ ಮುಗಿಸಿ ಅವರು ಎಂದಿನಂತೆ ಊಟಕ್ಕೆ ಬಂದರು. "ಹಲ್ಕಾ ಜನ," ಎಂದೆ ನಾನು.

"ಹಾಗನ್ಬೇಡಿ ಚಿಕ್ಕಮ್ಮ. ಹಡಗುಕಟ್ಟೆ ಬೇಕಿತ್ತು ಅವ್ರಿಗೆ. ನಂಗೂ ಬೇಕಿತ್ತು." ಬೀನ್ಸ್ ಎರಡು ಸಲ ಹಾಕಿಸಿಕೊಂಡರು. ಹೊಸ ಕೋಟು ಬಂದಿತ್ತು, ಅದನ್ನು ಹಾಕಿಕೊಂಡೇ ಚಿಕ್ಕಪುಟ್ಟ ಬೇಲಿ ಜಗಳಗಳ ಮೊಕದ್ದಮೆ ನಡೆಸಿದರು. ಕೆಲವರು ಮಾತು ಬಿಟ್ಟರು. ವಾಡ್ಲೋ ಎದುರು ಬಂದರೆ ಹ್ಯಾಚ್ ಬೀದಿಯ ಆಚೆ ಮಗ್ಗುಲಿಗೆ ಹೋಗುತ್ತಿದ್ದರು. ಇಡೀ ಚಳಿಗಾಲ ಹಾಗೇ ಕಳೆಯಿತು.

ವಸಂತ ಬಂದಾಗ ಗಡಿ ಸುತ್ತುವ ದಿನವೂ ಬಂತು. ಹೂಳಿನಿಂದ ಎತ್ತಿದ ಕಲ್ಲನ್ನು ಈಗ ಎತ್ತರವಾಗಿ ನೆಟ್ಟಿದ್ದರು. ನಾನೂ ಹೋದೆ. ಪದ್ಧತಿಯಂತೆ ಹ್ಯಾಚ್ ಕಲ್ಲಿನ ಪಕ್ಕ ನಿಂತು ಕೂಗಿದರು, "ಒಬ್ಬ ಹುಡುಗನ್ನ ಕರ್ಕೊಂಬನ್ನಿ."

ತಾಯಂದಿರು ಮಕ್ಕಳನ್ನು ಲಂಗದ ಹಿಂದೆ ಎಳೆದುಕೊಂಡರು. ಯಾರೂ ಮುಂದೆ ಬರಲಿಲ್ಲ. ಹ್ಯಾಚ್ ಸುತ್ತ ನೋಡಿದರು. ಜನರ ಹಿಂದೆ, ಒಂಟಿಯಾಗಿ, ವಾಡ್ಲೋ ನಿಂತಿದ್ದರು. ಆ ಹೊತ್ತಿನಲ್ಲಿ ಹ್ಯಾಚ್ ಮನಸ್ಸಿನಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಟೋಪಿ ತೆಗೆದು ಕಲ್ಲಿನ ಪಕ್ಕ ಹುಲ್ಲಿನ ಮೇಲಿಟ್ಟರು.

"ಹುಡುಗರು ಬೇಡ," ಎಂದರು. "ಮರೆತವರು ನಾವು. ನನ್ನನ್ನೇ ತಿರುಗಿಸಿ." ಆಮೇಲೆ ಜನರ ಹಿಂದಕ್ಕೆ ಕೈ ತೋರಿಸಿ, "ವಾಡ್ಲೋ, ಒಂದು ಕಾಲು ನೀವು ಹಿಡೀರಿ."

ವಾಡ್ಲೋ ಬಂದರು. ಅವರೂ ಕಮ್ಮಾರನೂ ಸೇರಿ ಆ ದಪ್ಪ ಮನುಷ್ಯನನ್ನು ಎತ್ತಿದರು. ವಾಡ್ಲೋ ಮೆಲ್ಲಗೆ, ಹಸುಗೂಸನ್ನು ಮಲಗಿಸುವ ಹಾಗೆ, ಅವರ ತಲೆಯನ್ನು ಕಲ್ಲಿಗೆ ತಾಗಿಸಿದರು.

"ಅಷ್ಟು ಮೆಲ್ಲಗಾದ್ರೆ ನೆನಪಿರುತ್ತಾ?" ಎಂದಳು ಕೆಜಾಯ. "ಇನ್ನೊಂದ್ಸಲ."

ಇನ್ನೊಂದು ಸಲ ಸದ್ದು ಕೇಳುವಂತೆ ಕುಟ್ಟಿಸಿದರು. ಹ್ಯಾಚ್ ಎದ್ದಾಗ ಕಣ್ಣಲ್ಲಿ ನೀರಿತ್ತು. ನೋವಿಗೋ ಇನ್ನೇನಕ್ಕೋ ಅವರೇ ಹೇಳಬೇಕು. ಕೆಜಾಯ ಏಪ್ರನ್ ಜೇಬಿನಿಂದ ಮೇಪಲ್ ಸಕ್ಕರೆಯ ಒಂದು ಗಟ್ಟಿ ತೆಗೆದು ಅವರ ಕೈಗಿಟ್ಟಳು. ಇನ್ನೊಂದನ್ನು ತೆಗೆದು, ಉಣ್ಣೆಯ ಎಳೆಯನ್ನು ಉಗುರಿನಿಂದ ಬಿಡಿಸಿ, ವಾಡ್ಲೋ ಮುಂದೆ ಹಿಡಿದಳು.

"ಅಗೀಬೇಡ ಕಣೋ, ಚೀಪು," ಎಂದಳು.

ವಾಡ್ಲೋ ಅದನ್ನು ಬಾಯಿಗೆ ಹಾಕಿಕೊಂಡು ನಿಂತರು. ಹ್ಯಾಚ್ ಹುಲ್ಲಿನ ಮೇಲಿದ್ದ ತಮ್ಮ ಟೋಪಿಯನ್ನು ಎತ್ತಿಕೊಂಡರು, ತಲೆಗೆ ಹಾಕಿಕೊಳ್ಳಲಿಲ್ಲ. ಅವರನ್ನು ನೋಡಿ ಕಮ್ಮಾರ ತನ್ನದನ್ನು ತೆಗೆದ. ಶೆರೀಫ್ ತೆಗೆದ. ಮಾತು ಬಿಟ್ಟಿದ್ದವರೂ ತೆಗೆದರು. ಬಯಲಿನ ಉದ್ದಕ್ಕೂ ಯಾರ ತಲೆಯ ಮೇಲೂ ಟೋಪಿ ಉಳಿಯಲಿಲ್ಲ. ನಾನು ಹೆಂಗಸು, ತೆಗೆಯಲು ಟೋಪಿಯಿಲ್ಲ, ಸುಮ್ಮನೆ ಅತ್ತೆ.

ಒಲೆಯ ಮೇಲೆ ಬೀನ್ಸ್ ಇಟ್ಟು ಬಂದದ್ದು ನನಗೆ ನೆನಪಾದದ್ದು ಮನೆಯ ಬಾಗಿಲಿಗೆ ಬಂದ ಮೇಲೆ. ಪೂರ್ತಿ ಕರಕಲಾಗಿತ್ತು.